ಅಂಗಡಿಯ ‘ನಾವು’

ಮುಂಬಯಿಯಲ್ಲಿ ನಮ್ಮವರು ಕಟ್ಟಿ ಬೆಳೆಸಿದ ವ್ಯಾಪಾರಗಳಿಗೆ ಬರವಣಿಗೆಯ ಹಂಗು ಹೆಚ್ಚಿರಲಿಲ್ಲ. ಮಾಟುಂಗಾದ ಹಳೆಯ ಹೋಟೆಲುಗಳನ್ನು ನೆನೆಯಿರಿ. ಗೋಡೆಯ ಮೇಲೊಂದು ಕರಿಹಲಗೆ, ಸೀಮೆಸುಣ್ಣದಲ್ಲಿ ಆ ದಿನದ ತಿಂಡಿಗಳ ಹೆಸರು, ಎದುರಿಗೆ ದರ. ಗಲ್ಲೆಯ ಮೇಲೆ ಕುಳಿತ ಮಾಲೀಕರ ಸಾಹಿತ್ಯಕೃಷಿ ಅಲ್ಲಿಗೆ ಮುಗಿಯಿತು. ತಮ್ಮ ಇಡ್ಲಿ ಮಲ್ಲಿಗೆಯಂತಿದೆ ಎಂದು ಅವರು ಎಲ್ಲಿಯೂ ಬರೆದುಕೊಂಡವರಲ್ಲ. ಆ ಮಾತನ್ನು ಆಡುವ ಕೆಲಸ ಗಿರಾಕಿಗಳದಾಗಿತ್ತು. ಈಗ ಎರಡು ಡಬ್ಬಿ ಚಟ್ನಿಪುಡಿ ಮಾರುವವರೂ ದಿನಕ್ಕೊಂದು ಸಲವಾದರೂ ಇನ್‌ಸ್ಟಾಗ್ರಾಮಿನಲ್ಲಿಯೋ ಫೇಸ್‌ಬುಕ್ಕಿನಲ್ಲಿಯೋ ವಾಟ್ಸಾಪಿನ ಸ್ಟೇಟಸ್ಸಿನಲ್ಲಿಯೋ ನಾಲ್ಕು ಸಾಲು ಬರೆಯಲೇಬೇಕು. ಒಂದು ವಾರ ಬರೆಯದಿದ್ದರೆ ಅಂಗಡಿ ಮುಚ್ಚಿತೆಂದೇ ಜನ ತಿಳಿಯುತ್ತಾರೆ. ವ್ಯಾಪಾರಕ್ಕೆ ಇಳಿದವರು ಇದ್ದಕ್ಕಿದ್ದಂತೆ ಲೇಖಕರೂ ಆಗಬೇಕಾಗಿ ಬಂದಿರುವ ಈ ಸ್ಥಿತಿಯನ್ನು ಕುರಿತು, ನಮ್ಮ ಮನೆಯೊಳಗೇ ಕಂಡಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಂದು ಅಂಗಡಿಯಿದೆ. ಅದಕ್ಕೆ ಬೇರೆ ಬಾಗಿಲಿಲ್ಲ, ಹೆಸರಿನ ಹಲಗೆಯಿಲ್ಲ. ಒಂದು ಕಬ್ಬಿಣದ ಕಪಾಟು, ಪಾರ್ಸಲ್ಲು ಕಟ್ಟುವ ಒಂದು ಮೇಜು, ಒಂದು ಫೋನು, ಇಷ್ಟೇ ಅದರ ಆಸ್ತಿ. ಆರು ವರ್ಷಗಳಿಂದ ಅಲ್ಲಿ ಇಳಕಲ್ ಸೀರೆಗಳೂ ಗುಳೇದಗುಡ್ಡದ ಖಣಗಳೂ ಮಾರಾಟವಾಗುತ್ತಿವೆ. ಅಂಗಡಿಯ ಒಡತಿ ನಮ್ಮ ಮನೆಯವರು. ಅವರ ತವರು ಹುನಗುಂದದ ಕಡೆ. ಅವರು ಶಾಲೆಗೆ ಹೋಗುವಾಗ ಇಳಕಲ್ ಹುನಗುಂದ ತಾಲೂಕಿಗೆ ಸೇರಿತ್ತು, ಈಗ ತಾನೇ ಒಂದು ತಾಲೂಕಾಗಿದೆ. ಈ ಬರಹದುದ್ದಕ್ಕೂ ಬರುವ ‘ನಾವು’ ಎಂದರೆ ಈ ಮನೆಯ ಇಬ್ಬರು. ಅಂಗಡಿಯ ಬರಹಗಳಲ್ಲಿ ಬರುವ ‘ನಾವು’ ಬೇರೆ. ಆ ಭೇದವನ್ನು ಮುಂದೆ ವಿವರಿಸುತ್ತೇವೆ, ಏಕೆಂದರೆ ನಮಗೆ ಹೇಳಬೇಕಾಗಿರುವುದರ ಬಹುಭಾಗ ಅದರಲ್ಲಿಯೇ ಇದೆ.

ನಮ್ಮಿಬ್ಬರಲ್ಲಿ ಒಬ್ಬರು ಕೇಂದ್ರ ಸರಕಾರದ ನೌಕರರು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 15ನೆಯದು ನಮ್ಮಂಥ ಮನೆಗಳಿಗಾಗಿಯೇ ಬರೆದಂತಿದೆ. ನೌಕರನು ಅನುಮತಿಯಿಲ್ಲದೆ ವ್ಯಾಪಾರ ಮಾಡತಕ್ಕದ್ದಲ್ಲ. ಕುಟುಂಬದವರು ಮಾಡುತ್ತಿದ್ದರೆ ಅದನ್ನು ಇಲಾಖೆಗೆ ತಿಳಿಸಬೇಕು. ಕುಟುಂಬದವರು ನಡೆಸುವ ಏಜೆನ್ಸಿ ಮೊದಲಾದ ವ್ಯವಹಾರಗಳ ಪರವಾಗಿ ಪ್ರಚಾರ ಮಾಡತಕ್ಕದ್ದಲ್ಲ. ತಿಳಿಸಬೇಕಾದದ್ದನ್ನು ಮೊದಲ ವರ್ಷವೇ ಲಿಖಿತವಾಗಿ ತಿಳಿಸಿದ್ದಾಗಿದೆ. ಉಳಿದದ್ದು ಬರವಣಿಗೆಯ ಪ್ರಶ್ನೆ. ಮನೆಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರೊಬ್ಬರು ಕುಳಿತಿದ್ದಾರೆ, ಆದರೆ ಅಂಗಡಿಯ ಒಂದು ಸಾಲನ್ನೂ ಅವರು ಬರೆಯುವಂತಿಲ್ಲ. ತಿದ್ದುವುದೂ ಬರೆಯುವುದರ ಒಂದು ಬಗೆಯೇ ಆದುದರಿಂದ ತಿದ್ದುವುದೂ ಬೇಡವೆಂದು ನಾವು ಆರಂಭದಲ್ಲಿಯೇ ನಿಶ್ಚಯಿಸಿಕೊಂಡೆವು. ಅಂಗಡಿಯ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಬರೆದರೆ ಅದೇ ಪ್ರಚಾರವಾದೀತು. ಅದೇ 15ನೆಯ ನಿಯಮ ಆಗೀಗ ಮಾಡುವ ಸಾಹಿತ್ಯದ ಕೆಲಸಕ್ಕೆ ಪೂರ್ವಾನುಮತಿ ಬೇಡವೆನ್ನುತ್ತದೆ. ಈ ಪ್ರಬಂಧ ಆ ಕಿಂಡಿಯಿಂದ ಹೊರಬರುತ್ತಿದೆಯೆಂದು ತಿಳಿಯಬೇಕು.

ನಿಯಮದ ಈ ಗೋಡೆಯಿಂದ ಒಂದು ಲಾಭವಾಯಿತು. ಒಡತಿ ತಮ್ಮ ಮಾತಿನಲ್ಲಿಯೇ ಬರೆಯಬೇಕಾಯಿತು. ಅವರು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮರಾಠಿಯನ್ನು ನೆರೆಹೊರೆಯಲ್ಲಿ, ತರಕಾರಿಯವರಲ್ಲಿ, ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಕಲಿತರು. ಗಿರಾಕಿಗಳಲ್ಲಿ ಬಹುಪಾಲು ಮರಾಠಿಯವರು. ನಮ್ಮ ಇಳಕಲ್ ಅವರ ಬಾಯಲ್ಲಿ ‘ಇರಕಲ್’; ಮಹಾರಾಷ್ಟ್ರದ ಅಜ್ಜಿಯರ ಪೆಟ್ಟಿಗೆಗಳಲ್ಲಿ ಇರಕಲ್ ಒಂಬತ್ತು ಗಜದ ಸೀರೆಯಾಗಿ ತಲೆಮಾರುಗಳಿಂದ ಇದ್ದದ್ದೇ. ಗುಳೇದಗುಡ್ಡದ ಖಣವಂತೂ ಅಲ್ಲಿಯ ಓಟಿಯ ತಟ್ಟೆಯಲ್ಲಿ, ದೇವಿಯ ಉಡಿಯಲ್ಲಿ ಎಂದಿನಿಂದಲೋ ನೆಲೆಸಿದೆ. ಆದ್ದರಿಂದ ಒಡತಿ ಹೊರನಾಡಿನಲ್ಲಿ ಕನ್ನಡದ ಸೀರೆಯನ್ನು ಪರಿಚಯಿಸಹೊರಟವರಲ್ಲ. ಪರಿಚಯವಿರುವ ಸೀರೆಯನ್ನು ಕುರಿತು ಪರಿಚಯವಿರುವವರಿಗೆ ಬರೆಯುವುದು ಅವರ ಕೆಲಸ. ಇದು ಸುಲಭವೆಂದು ತೋರಬಹುದು. ಆದರೆ ಓದುವವರಿಗೆ ವಸ್ತು ಗೊತ್ತಿರುವಾಗ ಉತ್ಪ್ರೇಕ್ಷೆಗೆ ಜಾಗ ಕಡಿಮೆ.

ಅವರು ಬರೆದ ಮೊದಮೊದಲ ಸಾಲುಗಳು ಹೀಗಿದ್ದವು: “ಒಡಲು ಹತ್ತಿ. ಸೆರಗು ಆರ್ಟ್ ಸಿಲ್ಕ್, ರೇಷ್ಮೆಯಲ್ಲ. ಗೋಮಿ ದಡಿ. ಕುಣಿಮಗ್ಗದಲ್ಲಿ ಕೈಯಿಂದ ನೇಯ್ದದ್ದು. ನೇಯ್ದವರು ಇಳಕಲ್ಲಿನವರು. ಮೊದಲ ಸಲ ಉಪ್ಪುನೀರಿನಲ್ಲಿ ಬೇರೆಯಾಗಿ ಒಗೆಯಿರಿ, ಕೆಂಪು ಬಿಡುತ್ತದೆ.” ಕೆಳಗೆ ಇದೇ ಮಾತು ಮರಾಠಿಯಲ್ಲಿ. ಇನ್‌ಸ್ಟಾಗ್ರಾಮು ಒಂದು ಚಿತ್ರದ ಕೆಳಗೆ 2,200 ಅಕ್ಷರಗಳಿಗೆ ಅವಕಾಶ ಕೊಡುತ್ತದೆಯಂತೆ. ಅವರಿಗೆ ಅದರ ಐದರಲ್ಲೊಂದು ಪಾಲೂ ಬೇಕಾಗುತ್ತಿರಲಿಲ್ಲ. ‘ರೇಷ್ಮೆಯಲ್ಲ’ ಎಂಬುದನ್ನು ಬಿಟ್ಟು ಬರೆಯಬಹುದಿತ್ತಲ್ಲ, ಆರ್ಟ್ ಸಿಲ್ಕ್ ಎಂದರೆ ಸಾಕಲ್ಲ ಎಂದು ಪರಿಚಯದವರೊಬ್ಬರು ಕೇಳಿದರು. ಆರ್ಟ್ ಎಂಬುದು ಇಲ್ಲಿ ಕಲೆಯಲ್ಲ, ‘ಆರ್ಟಿಫಿಶಿಯಲ್’ ಎಂಬುದರ ಮೊಂಡು ರೂಪ. ಓದಿದವರಲ್ಲಿ ಅರ್ಧ ಜನ ಅದನ್ನು ಕಲಾತ್ಮಕ ರೇಷ್ಮೆಯೆಂದೇ ತಿಳಿಯುತ್ತಾರೆ. ಹಲವು ಮಾರಾಟಗಾರರು ಹಾಗೆ ತಿಳಿಯಲೆಂದೇ ಬರೆಯುತ್ತಾರೆ. ಒಡತಿ ಆ ಎರಡು ಪದಗಳನ್ನು ಇಂದಿಗೂ ಬಿಟ್ಟಿಲ್ಲ.

ಎರಡನೆಯ ವರ್ಷ, ಡಿಜಿಟಲ್ ಮಾರ್ಕೆಟಿಂಗ್ ಮಾಡುವ ಒಬ್ಬ ತರುಣರು ಮನೆಗೆ ಬಂದರು. ತಿಂಗಳಿಗೆ 6,000 ರೂಪಾಯಿ. ಹನ್ನೆರಡು ಪೋಸ್ಟುಗಳು, ನಾಲ್ಕು ರೀಲುಗಳು. ಮಾದರಿಗೆಂದು ಕೆಲವು ಬರಹಗಳನ್ನು ತಂದಿದ್ದರು. ಇಂಗ್ಲಿಷ್ ಸೊಗಸಾಗಿಯೇ ಇತ್ತು. ಯಂತ್ರದಿಂದ ಬರೆಸಿದ್ದೋ ತಾವೇ ಬರೆದದ್ದೋ ನಾವು ಕೇಳಲಿಲ್ಲ. ಕಾಲಾತೀತ, ಪರಂಪರಾಗತ, ಅಪ್ಪಟ, ಆತ್ಮೀಯ ಎಂಬ ಅರ್ಥದ ವಿಶೇಷಣಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಸೀರೆಯ ಉದ್ದವೆಷ್ಟು, ನೂಲು ಯಾವುದು, ಬಣ್ಣ ನಿಲ್ಲುತ್ತದೆಯೇ ಎಂಬುದಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ. ಪ್ರತಿಯೊಂದು ಎಳೆಯೂ ಒಂದು ಕಥೆ ಹೇಳುತ್ತದೆ ಎಂಬ ಸಾಲನ್ನು ಅವರು ಹೆಮ್ಮೆಯಿಂದ ಓದಿ ಅರ್ಥ ಬಿಡಿಸಿ ಹೇಳಿದಾಗ ಒಡತಿ, “ಯಾವ ಕತಿ ಹೇಳತೈತಿ ತಮ್ಮಾ? ಎಳಿ ಹರದ್ರ ಗಂಟ ಹಾಕಬೇಕು. ಅಷ್ಟ ಅದರ ಕತಿ” ಎಂದರು. ತರುಣರು ನಕ್ಕರು, ಚಹಾ ಕುಡಿದರು, ಮತ್ತೆ ಬರಲಿಲ್ಲ.

ಅವರನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಅವರು ಮಾಡುತ್ತಿದ್ದದ್ದು ಬಹಳ ಹಳೆಯ ಕಸುಬು. ಸ್ಯಾಮ್ಯುಯೆಲ್ ಜಾನ್ಸನ್ 1759ರಲ್ಲಿಯೇ, ‘ದಿ ಐಡ್ಲರ್’ ಪ್ರಬಂಧಮಾಲೆಯಲ್ಲಿ, ಲಂಡನ್ನಿನ ಪತ್ರಿಕೆಗಳ ಜಾಹೀರಾತುಗಳನ್ನು ಕುರಿತು ಬರೆದಿದ್ದಾನೆ. ಜಾಹೀರಾತುಗಳು ಅತಿಯಾಗಿ ಜನ ಅವುಗಳನ್ನು ಅಲಕ್ಷ್ಯದಿಂದ ಓದತೊಡಗಿದ್ದಾರೆ. ಆದ್ದರಿಂದ ಗಮನ ಸೆಳೆಯಲು ಬರೆಯುವವರು ಭರವಸೆಯನ್ನು ಹಿಗ್ಗಿಸುತ್ತ ಹೋಗುತ್ತಾರೆ ಎಂಬುದು ಅಲ್ಲಿಯ ತರ್ಕ. ಎಂ.ಎ. ತರಗತಿಯಲ್ಲಿ ಅದನ್ನು ಗದ್ಯಶೈಲಿಯ ಪಾಠವೆಂದು ಓದಿದ್ದಾಯಿತು. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಓದುವ ಇಂದಿನ ಓದುಗರ ಮುಂದೆ ಅದು ಶೈಲಿಯ ಮಾತಷ್ಟೇ ಆಗಿ ಉಳಿದಿಲ್ಲ.

ಕಾನೂನು ಈ ಬರಹಗಳನ್ನು ನೋಡುವ ಬಗೆ ಸ್ವಾರಸ್ಯದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಜಾಹೀರಾತು ಎಂದರೇನು ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಬೆಳಕು, ಧ್ವನಿ, ಹೊಗೆ, ಅನಿಲ, ಮುದ್ರಣ, ಇಂಟರ್‌ನೆಟ್ಟು ಎಲ್ಲವೂ ಬಂದಿವೆ; ಚೀಟಿ, ಹೊದಿಕೆ, ಬಿಲ್ಲು ಕೂಡ. ಹೊಗೆಯಲ್ಲಿ ಬರೆದರೂ ಜಾಹೀರಾತೇ. ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೆನಿಸುತ್ತದೆ. ಹಾಗಿದ್ದರೆ ಕಪಾಟಿನ ಮುಂದೆ ನಿಂತು ಫೋನಿನಲ್ಲಿ ಒತ್ತಿದ ನಾಲ್ಕು ಸಾಲೂ ಕಾನೂನಿನ ಕಣ್ಣಿಗೆ ದೊಡ್ಡ ಕಂಪನಿಯೊಂದರ ಪೂರ್ಣಪುಟದ ಜಾಹೀರಾತಿನ ಜಾತಿಗೇ ಸೇರಿದ್ದು. ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರು ಹೀಗೆ ಯೋಚಿಸುವುದಿಲ್ಲ; ಸ್ನೇಹಿತರೊಡನೆ ಮಾತಾಡಿದಂತೆ ಬರೆಯುತ್ತಾರೆ. ಆ ಸಲುಗೆಯೇ ಅವರ ಬಲ. ಆದರೆ ಸ್ನೇಹಿತರ ನಡುವಿನ ಮಾತನ್ನು ಯಾರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದಿಲ್ಲ.

ಈಗ ‘ನಾವು’ ಎಂಬ ಪದದ ವಿಚಾರ. ಒಬ್ಬರೇ ನಡೆಸುವ ಅಂಗಡಿಯೂ ಬರೆಯುವಾಗ ‘ನಾವು’ ಎನ್ನುತ್ತದೆ. “ನಾವು ಹೊಸ ಸೀರೆಗಳನ್ನು ತಂದಿದ್ದೇವೆ.” ತಂದವರು ಒಬ್ಬರೇ, ಎರಡು ಚೀಲ ಹೊತ್ತು, ರಾತ್ರಿ ಬಸ್ಸಿನಲ್ಲಿ. ಆದರೂ ‘ನಾನು’ ಎಂದರೆ ಅಂಗಡಿ ಚಿಕ್ಕದಾಗಿ ಕಾಣುತ್ತದೆ ಎಂಬ ಅಳುಕು ಎಲ್ಲರಿಗೂ ಇದೆ. ಕನ್ನಡದಲ್ಲಿ ಬರೆಯುವಾಗ ಇದರಿಂದ ತೊಂದರೆಯಿಲ್ಲ. ಇಂದಿನ ಕನ್ನಡದ ‘ನಾವು’ ಒಂದೇ, ಯಾರನ್ನು ಒಳಗಿಟ್ಟಿದೆ ಯಾರನ್ನು ಹೊರಗಿಟ್ಟಿದೆ ಎಂದು ಅದು ಹೇಳುವುದಿಲ್ಲ. ಮರಾಠಿಗೆ ಬಂದ ಕೂಡಲೆ ಒಡತಿ ನಿಂತರು. ಅಲ್ಲಿ ‘ಆಮ್ಹಿ’ ಎಂದರೆ ಕೇಳುವ ನಿಮ್ಮನ್ನು ಬಿಟ್ಟು ನಾವು. ‘ಆಪಣ್’ ಎಂದರೆ ನಿಮ್ಮನ್ನೂ ಸೇರಿಸಿಕೊಂಡ ನಾವು. ಚೆನ್ನೈಯಲ್ಲಿರುವ ಓದುಗರಿಗೆ ತಮಿಳಿನ ನಾಂಗಳ್ ಮತ್ತು ನಾಮ್, ಹೈದರಾಬಾದಿನವರಿಗೆ ತೆಲುಗಿನ ಮೇಮು ಮತ್ತು ಮನಮು ಗೊತ್ತೇ ಇರುತ್ತವೆ. ಸುತ್ತಲಿನ ಈ ಭಾಷೆಗಳು ಎರಡೆರಡು ನಾವುಗಳನ್ನು ಇಟ್ಟುಕೊಂಡಿರುವಾಗ ಕನ್ನಡ ಒಂದರಲ್ಲಿಯೇ ಸಂಸಾರ ನಡೆಸುತ್ತಿದೆ. ಕನ್ನಡಿಗರು ಹೊರನಾಡಿಗೆ ಬಂದು ಮೊದಮೊದಲು ಎಡವುವ ಜಾಗಗಳಲ್ಲಿ ಇದೂ ಒಂದು.

ಮಾರುಕಟ್ಟೆಯ ಮರಾಠಿ ಬರಹಗಳಲ್ಲಿ ‘ಆಪಣ್’ ಬಹಳ. ಆಪಣ್ ನಮ್ಮ ಪರಂಪರೆಯನ್ನು ಉಳಿಸೋಣ, ಆಪಣ್ ನೇಕಾರರ ಕೈ ಹಿಡಿಯೋಣ ಎಂಬ ಧಾಟಿ. ಆ ಪದಕ್ಕೆ ಗೌರವದ ‘ತಾವು’ ಎಂಬ ಅರ್ಥವೂ ಇರುವುದರಿಂದ ಓದುವವರಿಗೆ ಮತ್ತಷ್ಟು ಹಿತ. ಒಡತಿ ಮಾತ್ರ ‘ಆಮ್ಹಿ’ಯನ್ನೇ ಆರಿಸಿಕೊಂಡರು. ಅವರ ವಾದ ಸರಳವಾಗಿತ್ತು. “ರೊಕ್ಕಾ ಕೊಡೋರು ಅವರು, ತಗೊಳ್ಳಾಕಿ ನಾನು. ಇಬ್ರೂ ಕೂಡಿ ಆಪಣ್ ಹೆಂಗ ಆಗ್ತೀವಿ?” ವ್ಯಾಕರಣ ಓದಿದವರು ನಮ್ಮಿಬ್ಬರಲ್ಲಿ ಅವರಲ್ಲ, ಆದರೆ ಈ ವಿವೇಚನೆ ಅವರದು. ಮಾರುವವರೂ ಕೊಳ್ಳುವವರೂ ಒಂದೇ ಪಕ್ಷವೆಂದು ನಂಬಿಸುವ ಬರವಣಿಗೆ ಇಂದು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದರಲ್ಲಿ ಏನೋ ಕೂಡಿಲ್ಲವೆಂದು ಯಾರಿಗೂ ಅನಿಸುವುದಿಲ್ಲ.

ಇನ್ನು ಆ ‘ಆಮ್ಹಿ’ಯೊಳಗೆ ಯಾರಿದ್ದಾರೆ? ಸರಕಾರಿ ನೌಕರಿಯಲ್ಲಿರುವವರು ನಿಯಮದ ಪ್ರಕಾರ ಇಲ್ಲ. ಪಾರ್ಸಲ್ಲಿಗೆ ಅಂಟುಪಟ್ಟಿ ಹಚ್ಚುವ ಮಗಳನ್ನು ಎಣಿಸಬಹುದೇನೋ. ನೇಯುವವರಿದ್ದಾರೆಯೇ ಎಂಬುದು ನಿಜವಾದ ಪ್ರಶ್ನೆ.

ಅದಕ್ಕೆ ಬರುವ ಮೊದಲು ಒಂದು ದೂರಿನ ಪ್ರಸಂಗ. ನಾಸಿಕದ ಗಿರಾಕಿಯೊಬ್ಬರು ರಾತ್ರಿ ಹನ್ನೊಂದರ ಹೊತ್ತಿಗೆ ಎಲ್ಲರೂ ಓದುವಂತೆ ಬರೆದರು. ಸೀರೆಯ ಕೆಂಪು ಬಿಟ್ಟು ಬಿಳಿಯ ಪರಕಾರ ಹಾಳಾಗಿದೆ, ಇದೇನಾ ನಿಮ್ಮ ಕೈಮಗ್ಗ, ಎಂದು; ಜೊತೆಗೆ ಗುಲಾಬಿ ಬಣ್ಣಕ್ಕೆ ತಿರುಗಿದ ಪರಕಾರದ ಫೋಟೋ. ಕೆಂಪು ಬಿಡುತ್ತದೆಂದು ಆ ಸೀರೆಯ ಚಿತ್ರದ ಕೆಳಗೆ ಸ್ಪಷ್ಟವಾಗಿ ಬರೆದಿತ್ತು, ಪೊಟ್ಟಣದೊಳಗಿನ ಚೀಟಿಯಲ್ಲಿಯೂ ಇತ್ತು. ಮೂರು ದಾರಿಗಳಿದ್ದವು. ಆ ಮಾತನ್ನು ಅಳಿಸಿಹಾಕುವುದು. ನಾವು ಮೊದಲೇ ಬರೆದಿದ್ದೆವಲ್ಲ ಎಂದು ತೋರಿಸುವುದು. ಅಥವಾ ದೊಡ್ಡ ಕಂಪನಿಗಳಂತೆ, ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ಖಾಸಗಿಯಾಗಿ ಸಂದೇಶ ಕಳಿಸಿ ಎನ್ನುವುದು. ಕೊನೆಯದು ಜಾಣತನದ್ದು. ಜಗಳ ಬೀದಿಯಿಂದ ಒಳಕೋಣೆಗೆ ಹೋಗುತ್ತದೆ, ಬೀದಿಯವರಿಗೆ ತೀರ್ಪು ತಿಳಿಯುವುದೇ ಇಲ್ಲ.

ಕಚೇರಿಯಲ್ಲಿ ಕಡತ ಬರೆಯುವವರಿಗೆ ಅಳಿಸುವ ವಿಚಾರದಲ್ಲಿ ಒಂದು ಸಂಸ್ಕಾರ ಬಂದಿರುತ್ತದೆ. ಹಿಂದೆ ಟಿಪ್ಪಣಿಯ ಹಸಿರು ಹಾಳೆಗಳಿಗೆ ಪುಟಸಂಖ್ಯೆ ಹಾಕುತ್ತಿದ್ದೆವು, ಯಾರೂ ಹರಿಯದಂತೆ. ಈಗ ಕಡತಗಳು ಕಂಪ್ಯೂಟರಿಗೆ ಬಂದ ಮೇಲೂ ಬಣ್ಣ ಉಳಿದಿದೆ: ಹಳದಿ ಟಿಪ್ಪಣಿ ಕರಡು, ಅದನ್ನು ತೆಗೆದುಹಾಕಬಹುದು, ಹಸಿರು ಟಿಪ್ಪಣಿ ಒಮ್ಮೆ ಮುಂದಕ್ಕೆ ಹೋಯಿತೆಂದರೆ ಬರೆದವರೂ ಅದನ್ನು ಮುಟ್ಟುವಂತಿಲ್ಲ. ಮೊದಲು ಬರೆದದ್ದು ಸರಿಯಿಲ್ಲವೆನಿಸಿದರೆ ಅದರ ಕೆಳಗೆ ಇನ್ನೊಂದು ಟಿಪ್ಪಣಿ ಬರೆಯಬೇಕು. ಊಟದ ಹೊತ್ತಿನಲ್ಲಿ ಇಂಥ ಮಾತುಗಳು ನಮ್ಮ ಮನೆಯಲ್ಲಿ ಬರುವುದುಂಟು. ಅದು ಒಡತಿಯ ಮೇಲೆ ಪರಿಣಾಮ ಮಾಡಿತೋ, ಅವರ ಸ್ವಭಾವವೇ ಅದೋ ಹೇಳಲಾರೆವು. ಅವರು ದೂರನ್ನು ಅಳಿಸಲಿಲ್ಲ. ಅದರ ಕೆಳಗೆ ಮರಾಠಿಯಲ್ಲಿ ಬರೆದರು: ಕೆಂಪು ಬಿಟ್ಟದ್ದು ನಿಜ, ಈ ಬಣ್ಣ ಮೊದಲ ಎರಡು ಮೂರು ಒಗೆತಕ್ಕೆ ಬಿಡುತ್ತದೆ, ಸೀರೆ ಬೇಡವಾದರೆ ನನಗೆ ವಾಪಸು ಕಳಿಸಿ, ಸೀರೆಯ ಹಣವನ್ನೂ ಪರಕಾರದ ಹಣವನ್ನೂ ನಾನು ಕೊಡುತ್ತೇನೆ. ಗಮನಿಸಬೇಕಾದದ್ದು, ಅಲ್ಲಿ ಅವರು ‘ಆಮ್ಹಿ’ ಎಂದಿರಲಿಲ್ಲ, ‘ಮೀ’ ಎಂದಿದ್ದರು. ಹಣ ಕೊಡುವ ಮಾತು ಬಂದಾಗ ಅಂಗಡಿ ಮರೆಗೆ ಸರಿದು ಒಬ್ಬ ಹೆಂಗಸು ಮುಂದೆ ಬಂದಿದ್ದರು. ನಾಸಿಕದವರು ಪರಕಾರದ ಹಣವನ್ನು ಪಡೆದರು, ಸೀರೆಯನ್ನು ಇಟ್ಟುಕೊಂಡರು. ಆ ದೂರೂ ಉತ್ತರವೂ ಇಂದಿಗೂ ಅಲ್ಲಿಯೇ ಇವೆ. ಅದನ್ನು ಓದಿ ಕೊಳ್ಳದೆ ಹೋದವರೂ ಇರಬಹುದು, ಕೊಂಡವರೂ ಇರಬಹುದು.

ನಿಜವಾದ ಪರೀಕ್ಷೆ ಬಂದದ್ದು ಎರಡು ವರ್ಷಗಳ ಹಿಂದಿನ ನವರಾತ್ರಿಯಲ್ಲಿ. ಮುಂಬಯಿಯ ನವರಾತ್ರಿಯ ಒಂಬತ್ತು ಬಣ್ಣಗಳ ವಿಷಯ ಇಲ್ಲಿದ್ದವರಿಗೆ ಗೊತ್ತು. ಯಾವ ದಿನಕ್ಕೆ ಯಾವ ಬಣ್ಣವೆಂದು ಪತ್ರಿಕೆಗಳು ಪಟ್ಟಿ ಕೊಡುತ್ತವೆ. ಆ ದಿನ ಲೋಕಲ್ ರೈಲಿನ ಮಹಿಳೆಯರ ಡಬ್ಬಿ ಪೂರ್ತಿ ಒಂದೇ ಬಣ್ಣವಾಗಿ ತುಂಬಿ ಬರುತ್ತದೆ. ಬ್ಯಾಂಕು, ಸರಕಾರಿ ಕಚೇರಿ ಎಲ್ಲೆಡೆಯೂ ಅದೇ. ಸೀರೆ ಮಾರುವವರಿಗೆ ವರ್ಷದ ಸುಗ್ಗಿ ಎಂದರೆ ಇದು, ಆಮೇಲೆ ಸಂಕ್ರಾಂತಿಯ ಕಪ್ಪು ಸೀರೆ. ಆದರೆ ಕೈಮಗ್ಗಕ್ಕೆ ಪತ್ರಿಕೆಯ ಪಟ್ಟಿ ಗೊತ್ತಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಒಂದೊಂದು ಎಳೆಯನ್ನೂ ಕೊಂಡಿಯಂತೆ ಸಿಕ್ಕಿಸಿ ಎರಡನ್ನೂ ಜೋಡಿಸಬೇಕು. ತೆನೆ, ಹಣಿಗೆ ಮೂಡುವ ಆ ಕೆಂಪು ಸೆರಗು ಒಡಲಿನ ಬಣ್ಣದ ಸೋಂಕಿಲ್ಲದೆ ಅಚ್ಚಗೆಂಪಾಗಿ ಉಳಿಯುವುದು ಇದರಿಂದಲೇ. ಪ್ರತಿ ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ಒಂಬತ್ತು ಬಣ್ಣಗಳು ನೂರಾರು ಸಂಖ್ಯೆಯಲ್ಲಿ ಮೂರು ವಾರದಲ್ಲಿ ಬೇಕೆಂದರೆ ಯಾವ ಕುಣಿಮಗ್ಗವೂ ಕೊಡಲಾರದು.

ಪವರ್‌ಲೂಮು ಕೊಡುತ್ತದೆ. ಠಾಣೆಯ ಕಡೆಯ ಒಬ್ಬ ಸಗಟು ವ್ಯಾಪಾರಿಗಳು ಒಂಬತ್ತು ಬಣ್ಣಗಳ ಗಂಟನ್ನು ಮನೆಗೇ ಕಳಿಸಿದರು. ನೋಟಕ್ಕೆ ಇಳಕಲ್ಲೇ. ಅಗಲ ದಡಿ, ಕೆಂಪು ಸೆರಗು, ಬಿಳಿಯ ತೆನೆ. ತಿರುಗಿಸಿ ನೋಡಿದರೆ ಒಡಲು ಸೆರಗಾಗುವ ಜಾಗದಲ್ಲಿ ಕೊಂಡಿಯ ಸಾಲಿಲ್ಲ. ಬೆಲೆ 800. ಕೈಮಗ್ಗದ್ದು ನಮ್ಮ ಅಂಗಡಿಯಲ್ಲಿ 2,600ರಿಂದ ಆರಂಭ. ‘ಇರಕಲ್ ಹ್ಯಾಂಡ್‌ಲೂಮ್’ ಎಂದು ಬರೆಯಿರಿ, ಎಲ್ಲರೂ ಹಾಗೆಯೇ ಬರೆಯುತ್ತಾರೆ, 1,500ಕ್ಕೆ ಹೋಗುತ್ತದೆ ಎಂದು ವ್ಯಾಪಾರಿಗಳು ಫೋನಿನಲ್ಲಿ ಹೇಳಿದರು. ಎಲ್ಲರೂ ಹಾಗೆಯೇ ಬರೆಯುತ್ತಾರೆಂಬುದು ಸುಳ್ಳಲ್ಲ. ಆ ವಾರ ಒಡತಿ ಹತ್ತಾರು ಮಾರಾಟಗಾರರ ಪುಟಗಳನ್ನು ತೆರೆದು ನೋಡಿದರು. ಅದೇ ಗಂಟಿನ ಅದೇ ಸೀರೆಗಳು ‘ನಮ್ಮ ನೇಕಾರರಿಂದ ನೇರವಾಗಿ’ ಎಂಬ ಮಾತಿನೊಡನೆ ಮಾಡೆಲ್ಲುಗಳ ಮೈಮೇಲೆ ನಗುತ್ತಿದ್ದವು.

ಆ ವರ್ಷ ನಮಗೆ ಹಣದ ಅವಶ್ಯಕತೆಯಿತ್ತು. ಮಗಳ ಕಾಲೇಜಿನ ಶುಲ್ಕವನ್ನು ಅಂಗಡಿಯಿಂದ ತುಂಬುವುದೆಂದು ಮನೆಯಲ್ಲಿ ಮಾತಾಗಿತ್ತು. ಗಂಟನ್ನು ವಾಪಸು ಕಳಿಸಿ ನಿರುಮ್ಮಳವಾಗಿರುವಷ್ಟು ಅನುಕೂಲ ನಮಗಿರಲಿಲ್ಲ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ಸಿದ್ಧಾಂತಗಳ ಮಾತು ಬಂದಾಗ ಖರ್ಚಿನ ಪುಸ್ತಕವನ್ನು ಬದಿಗಿಟ್ಟು ಮಾತಾಡುವವರನ್ನು ನಾವು ಹೆಚ್ಚು ನಂಬುವುದಿಲ್ಲ. ಒಡತಿ ಎರಡು ದಿನ ಏನನ್ನೂ ಬರೆಯಲಿಲ್ಲ. ಮೂರನೆಯ ದಿನ ಬರೆದರು: “ಕೆಂಪು ಸೆರಗಿನ, ಯಂತ್ರದಲ್ಲಿ ನೇಯ್ದ ಸೀರೆ. ಇಳಕಲ್ ಅಲ್ಲ. ಒಂಬತ್ತು ಬಣ್ಣ. 1,000 ರೂಪಾಯಿ. ಕೈಮಗ್ಗದ ಇಳಕಲ್ ಬೇಕಾದವರು ದೀಪಾವಳಿಯ ತನಕ ಕಾಯಬೇಕು.” ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಹಾಕಿದರು. ಒಂದು ಯಂತ್ರದ ಸೀರೆಯ ಹಿಂಭಾಗ, ಇನ್ನೊಂದು ಕೊಂಡಿಯ ಸಾಲು ಕಾಣುವ ಕೈಮಗ್ಗದ ಹಿಂಭಾಗ.

‘ಇರಕಲ್’ ಎಂಬ ಪದವನ್ನು ಬಿಟ್ಟದ್ದರ ಬೆಲೆ ಕೂಡಲೆ ತಿಳಿಯಿತು. ಜನ ಹುಡುಕುವುದು ಆ ಪದವನ್ನು. ಆ ಪದವಿಲ್ಲದ ಸೀರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಟಿನ ಅರ್ಧದಷ್ಟು ಹೋಯಿತು, ಅರ್ಧ ಉಳಿಯಿತು. ಕೊಂಡವರು ತಿಳಿದೇ ಕೊಂಡರು. ನವರಾತ್ರಿಯ ಒಂದು ದಿನಕ್ಕೆ 1,000 ರೂಪಾಯಿಯ ಸೀರೆ ಸಾಕೆನ್ನುವವರಲ್ಲಿ ತಪ್ಪೇನೂ ಇಲ್ಲ. ಸಗಟು ವ್ಯಾಪಾರಿಗಳು ಸಿಟ್ಟಾದರು. ಆ ಎರಡು ಚಿತ್ರಗಳನ್ನು ನೋಡಿದ ಗಿರಾಕಿಗಳು ಬೇರೆ ಅಂಗಡಿಗಳಲ್ಲಿ ಸೀರೆಯನ್ನು ತಿರುಗಿಸಿ ತೋರಿಸಿ ಎಂದು ಕೇಳತೊಡಗಿದ್ದರಂತೆ. ಕಾಲೇಜಿನ ಶುಲ್ಕದ ಎರಡನೆಯ ಕಂತನ್ನು ಭವಿಷ್ಯನಿಧಿಯಿಂದ ತೆಗೆದು ಕಟ್ಟಿದೆವು.

ನಮಗೆ ಸರಿಯೆನಿಸಿದ್ದು ಇಳಕಲ್ಲಿನಲ್ಲಿ ಸರಿಯೆನಿಸಲಿಲ್ಲ. ಒಡತಿಯ ತವರಿನ ಬಳಕೆಯ ಹಿರಿಯರೊಬ್ಬರು ಅಲ್ಲಿ ನೇಯುತ್ತಾರೆ. ಕಾಕಾ ಎಂದು ಕರೆಯುವ ರೂಢಿ. ದೀಪಾವಳಿಗೆ ಹೋದಾಗ ಅವರು ಕೇಳಿದರು: “ಮಷಿನ್ನಿಂದು ಅಂತ ಬರದ್ರೂ ಮಾರಿದಂಗ ಆತಲ್ಲ ಯವ್ವಾ?” ಸುಳ್ಳು ಬರೆದು ಮಾರುವವರು ಅವರ ಹೆಸರನ್ನು ಕದಿಯುತ್ತಾರೆ, ನಿಜ ಬರೆದು ಮಾರುವವರು ಅವರ ಗಿರಾಕಿಯನ್ನು ಒಯ್ಯುತ್ತಾರೆ. ಕಾಕಾನ ಮಗ್ಗದ ಮಟ್ಟಿಗೆ ಎರಡರ ಲೆಕ್ಕವೂ ಒಂದೇ. ಇದಕ್ಕೆ ಒಡತಿಯ ಬಳಿ ಉತ್ತರವಿರಲಿಲ್ಲ, ನಮ್ಮ ಬಳಿಯೂ ಇಲ್ಲ. ಮುಂದಿನ ನವರಾತ್ರಿಗೆ ಅವರು ಯಂತ್ರದ ಗಂಟನ್ನು ತರಿಸಲಿಲ್ಲ. ಬದಲಿಗೆ ಆಷಾಢದಲ್ಲಿಯೇ ಬರೆದು, ಮುಂಗಡ ಪಡೆದು, ಬಣ್ಣದ ಹಂಗಿಲ್ಲದೆ ನಲವತ್ತೊಂದು ಸೀರೆಗಳನ್ನು ನೇಯಿಸಿದರು. ವ್ಯಾಪಾರ ಅದರ ಹಿಂದಿನ ವರ್ಷಕ್ಕಿಂತ ಕಡಿಮೆಯೇ ಆಯಿತು.

ಸೀರೆಯ ಕೆಳಗೆ ಕಾಕಾನ ಹೆಸರನ್ನು ಬರೆಯಬೇಕೆಂಬ ಆಸೆ ಒಡತಿಗೆ ಮೊದಲಿನಿಂದಲೂ ಇತ್ತು. ಮಾರುಕಟ್ಟೆಯಲ್ಲಿ ಇಂದು ಅದಕ್ಕೆ ಬೆಲೆಯೂ ಇದೆ. ನೇಕಾರರ ಫೋಟೋ, ಹೆಸರು, ಎರಡು ಸಾಲಿನ ಜೀವನಚರಿತ್ರೆ ಇದ್ದರೆ ಸೀರೆ ಬೇಗ ಹೋಗುತ್ತದೆ. ಕಾಕಾ ಒಪ್ಪಲಿಲ್ಲ. ಅವರು ನೇಯುವುದು ಸಾಹುಕಾರರ ನೂಲಿನಲ್ಲಿ, ಕೂಲಿಗೆ. ಸೀರೆಗಳು ಸಾಹುಕಾರರಿಗೆ ಹೋಗುತ್ತವೆ, ಅಂಗಡಿ ಅವರಿಂದ ಕೊಳ್ಳುತ್ತದೆ. ತನ್ನ ಹೆಸರು ಮುಂಬಯಿಯಲ್ಲಿ ಬಂತೆಂದರೆ, ತಾನು ಹೊರಗೆ ಮಾರುತ್ತಿದ್ದೇನೆಂದು ಸಾಹುಕಾರರು ತಿಳಿದರೆ ಮುಂದಿನ ಹಾಸಿಗೆ ನೂಲು ಸಿಗದು ಎಂಬ ಭಯ. “ಇಳಕಲ್ಲಿನವರು ಅಂತ ಬರಿ, ಸಾಕು. ಅದರಾಗ ನಾನೂ ಬಂದೆ” ಎಂದರು. ಹೀಗಾಗಿ ಆ ‘ಆಮ್ಹಿ’ಯೊಳಗೆ ಕಾಕಾ ಇದ್ದಾರೆ, ಕಾಣದಂತೆ, ತಮ್ಮ ಇಚ್ಛೆಯಿಂದಲೇ. ಹೆಸರು ಬರೆಯದಿರುವುದನ್ನು ನೇಕಾರರ ಶೋಷಣೆಯೆಂದು ಟೀಕಿಸಿ ಒಬ್ಬ ಗಿರಾಕಿ ಉದ್ದವಾಗಿ ಬರೆದಿದ್ದರು. ಕಾರಣವನ್ನು ಹೇಳಿದರೆ ಕಾಕಾನ ಗುರುತೇ ಸಿಕ್ಕಿಬಿಡುವ ಸಂಭವವಿದ್ದುದರಿಂದ ಒಡತಿ, ಅವರು ಬೇಡವೆಂದಿದ್ದಾರೆ ಎಂದಷ್ಟೇ ಬರೆದು ಸುಮ್ಮನಾದರು. ಉತ್ತರವನ್ನು ಪೂರ್ತಿ ಬರೆಯಲಾಗದ ಸಂದರ್ಭಗಳೂ ಈ ಕಸುಬಿನಲ್ಲಿವೆ, ಕಡತದಲ್ಲಿ ಇರುವಂತೆಯೇ.

ಕಾಕಾನ ಮನೆಯಲ್ಲಿ ಕಾಕಿಗೆ ಓದಲು ಬರುತ್ತದೆ. ಕಳೆದ ಬೇಸಿಗೆಯಲ್ಲಿ ಒಡತಿಯ ಫೋನನ್ನು ತೆಗೆದುಕೊಂಡು ತಮ್ಮ ಮಗ್ಗದಿಂದ ಬಂದ ಸೀರೆ ಯಾವುದೆಂದು ಅವರು ತಾವೇ ಗುರುತಿಸಿದರು. ಕೆಳಗಿನ ಸಾಲುಗಳನ್ನು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದರು. ‘ನೇಯ್ದವರು ಇಳಕಲ್ಲಿನವರು’ ಎಂಬಲ್ಲಿ ನಿಂತು, ಕಂಡಿಕೆ ಸುತ್ತಿದವರು ಎಲ್ಲಿ ಎಂದು ಕೇಳಿದರು. ದಿನವಿಡೀ ರಾಟೆಯ ಮುಂದೆ ಕುಳಿತು ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಲಾಳಿಗೆ ಒದಗಿಸುವವರು ಅವರು. ಅಂದಿನಿಂದ ಅಂಗಡಿಯ ಬರಹದಲ್ಲಿ ‘ನೇಯ್ದವರು, ಕಂಡಿಕೆ ಸುತ್ತಿದವರು ಇಳಕಲ್ಲಿನವರು’ ಎಂದು ಇರುತ್ತದೆ. ಮರಾಠಿಯಲ್ಲಿ ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ ಒಡತಿ ಒಂದು ವಾರ ಕಂಡಿಕೆ ಎಂದೇ ಇಟ್ಟಿದ್ದರು. ಸೋಲಾಪುರದ ಗಿರಾಕಿಯೊಬ್ಬರು, ತಮ್ಮ ತಾಯಿಯೂ ಇದೇ ಕೆಲಸ ಮಾಡುತ್ತಿದ್ದರೆಂದು ತಿಳಿಸಿ, ನಮ್ಮಲ್ಲಿ ಅದಕ್ಕೆ ‘ಕಾಂಡಿ’ ಎನ್ನುತ್ತೇವೆ ಎಂದು ಬರೆದರು.